ನೀರಿನ ಬಾಟ್ಲಿಯೊಳಗ ಬೆಂಕಿ ತುಂಬಬ್ಯಾಡ್ರಿ

ಈ ಸಲ ಅಡಗಿ ಬರಿಯಂಗಿಲ್ಲ, ಹಪ್ಪಳ-ಸಂಡಿಗಿ ಮಾತೂ ಇಲ್ಲ. ಈ ಸಲ ಜಗಳ. ಯಾರ ಜೋಡಿ ಅಂದ್ರ, ನಮ್ಮ ನಿಮ್ಮ ಮನಿ ಗಂಡಸರ ಜೋಡಿ. ಅವರು ತಂದಿದ್ದಕ್ಕೆಲ್ಲಾ "ಇರ್ಲಿ ಬಿಡು, ಒಂದ್ ಮೂಲ್ಯಾಗ ಇರ್ತೈತಿ" ಅಂತ ಜಾಗ ಮಾಡಿಕೊಡೋ ಅತ್ತಿಗಳು, ಅಕ್ಕಗಳ ಜೋಡಿನೂ ಸ್ವಲ್ಪ. ಜಗಳದ ವಿಷಯ ಒಂದು ಲೀಟರಿನ ಬಾಟ್ಲಿ.

ಆ ಬಾಟ್ಲಿ ನಿಮಗೆಲ್ಲಾ ಗೊತ್ತು. ಮೊದಲು ಅದರೊಳಗ ಕುಡಿಯೋ ನೀರಿತ್ತು. ಈಗ ಪೆಟ್ರೋಲ್ ಐತಿ, ಇಲ್ಲಾ ಥಿನ್ನರ್ ಐತಿ. ಕಂಪ್ಲಿ ಕಡೆ ಗದ್ದಿಗೆ ಔಷಧ ಹೊಡಿಯೋ ಮಷಿನ್ನಿಗೆ ಅಂತ ಬಂದಿರ್ತೈತಿ. ಸಂಡೂರಿನಾಗ ಲಾರಿ, ಗ್ಯಾರೇಜಿನ ಕೆಲಸಕ್ಕ ಹೋಗೋರ ಮನಿಗೆ ಸಾಮಾನಿನ ಜಿಡ್ಡು ತೆಗಿಯಾಕ ಅಂತ ಬಂದಿರ್ತೈತಿ. ಹಂಪಿ, ಆನೆಗೊಂದಿ ಕಡೆ ಬಾಡಿಗಿ ಗಾಡಿ ಇಟ್ಟವರ ಮನಿಯೊಳಗ ಗಾಡಿಗೆ ಅಂತ ಇರ್ತೈತಿ. ಹೊಸಪೇಟೆಯೊಳಗ ದೀಪಾವಳಿ ಮುಂದ ಬಾಗಿಲು, ಕಿಟಕಿ ಸರಳಿಗೆ ಬಣ್ಣ ಹೊಡಿಸಿದ ಮ್ಯಾಲೆ ಉಳಿದ ಥಿನ್ನರನ್ನ ಬಣ್ಣದವನು "ಬೇಕಾಗ್ತೈತಿ ಇಟ್ಕೊಳ್ರಿ ಅಮ್ಮಾ" ಅಂತ ಬಿಟ್ಟು ಹೋಗಿರ್ತಾನ. ಬರೋ ದಾರಿ ಬ್ಯಾರೆ ಬ್ಯಾರೆ, ಹೋಗಿ ಕೂಡೋ ಜಾಗ ಮಾತ್ರ ಒಂದೇ: ಅಡಗಿಮನಿ ಕಟ್ಟಿ ಕೆಳಗ ಸಿಲಿಂಡರ್ ಪಕ್ಕ, ಇಲ್ಲಾ ಬಚ್ಚಲದಾಗ ಹಂಡೆ ಒಲಿ ಹತ್ತಿರ.

ನಾನು ಹೇಳೋದು ಇಷ್ಟೇ. ಅದು ಹೊಸ್ತಿಲು ದಾಟಿ ಒಳಗ ಬರಬಾರದು. ಒಂದು ರಾತ್ರಿಗೂ ಬರಬಾರದು.

"ಮುಚ್ಚಳ ಗಟ್ಟಿ ಐತಲ್ಲ, ಏನಾಗ್ತೈತಿ?" ಅಂತಾರ. ಏನಾಗ್ತೈತಿ ಅಂತ ಹೇಳ್ತೀನಿ ಕೇಳ್ರಿ. ಪೆಟ್ರೋಲ್ ಉರಿತೈತಿ ಅಂತೀವಲ್ಲ, ಉರಿಯೋದು ಆ ದ್ರವ ಅಲ್ಲ, ಅದರ ಮ್ಯಾಲಿಂದ ಏಳೋ ಆವಿ. ಆ ಆವಿ ಗಾಳಿಗಿಂತ ಮೂರು-ನಾಕು ಪಟ್ಟು ಭಾರ. ಅನ್ನದ ಹಬಿ ಹಂಗ ಮ್ಯಾಲೆ ಹೋಗಿ ಕಿಟಕಿಯಿಂದ ಹೊರಗ ಹೋಗಂಗಿಲ್ಲ. ಕಣ್ಣಿಗೆ ಕಾಣದ ನೀರಿನಂಗ ನೆಲ ಹಿಡಿದು ಹರಿತೈತಿ, ಬಾಗಿಲ ಸಂದಿ ದಾಟ್ತೈತಿ, ತಗ್ಗಿದ್ದಲ್ಲಿ ಹೋಗಿ ನಿಲ್ತೈತಿ. ನಮ್ಮ ಮನಿಗಳಾಗ ನೆಲದ ಮಟ್ಟದಾಗ ಏನೇನು ಬೆಂಕಿ ಅದಾವ ಅಂತ ಒಮ್ಮಿ ಎಣಿಸಿ ನೋಡ್ರಿ. ದೇವರ ಮುಂದಿನ ದೀಪ, ಊದಿನಕಡ್ಡಿ, ಹಂಡೆ ಒಲಿ, ಬಗ್ಗಿ ಹಾಕೋ ಪ್ಲಗ್ಗು. ಫ್ರಿಡ್ಜು ಸುದ್ದಾ ತಾನೇ ಶುರು ಆಗೋ ಹೊತ್ತಿಗೆ ಒಳಗ ಸಣ್ಣ ಕಿಡಿ ಹಾರಿಸಬಹುದು. ನೂರು ಪಾಲು ಗಾಳಿಯೊಳಗ ಒಂದೂವರಿ ಪಾಲು ಪೆಟ್ರೋಲ್ ಆವಿ ಕೂಡಿದ್ರ ಸಾಕು, ಆ ಕಿಡಿಗೆ ಹತ್ತಿಕೊಳ್ತೈತಿ. ಹತ್ತಿದ ಬೆಂಕಿ ಆವಿ ಬಂದ ದಾರಿ ಹಿಡಿದು ತಿರುಗಿ ಬಾಟ್ಲಿಗೇ ಬರ್ತೈತಿ. ಒಲಿ ಅಲ್ಲೈತಿ, ಬಾಟ್ಲಿ ಇಲ್ಲೈತಿ, ನಡುವ ಹತ್ತು ಮೊಳ ಜಾಗ ಐತಿ ಅನ್ನೋ ಧೈರ್ಯಕ್ಕ ಅರ್ಥ ಇಲ್ಲ.

ಇನ್ನ ಮುಚ್ಚಳದ ಮಾತು. ನೀರಿನ ಬಾಟ್ಲಿ ಮಾಡಿದ್ದು ನೀರಿಗೆ. ತಗಡಿನ ಶೆಡ್ಡಿನಾಗ, ಬಿಸಿಲು ಬೀಳೋ ಕಿಟಕಿಯಾಗ ಇಟ್ರ ಒಳಗಿನ ಆವಿ ಹಿಗ್ಗಿ ಬಾಟ್ಲಿ ಉಬ್ತೈತಿ. ಉಬ್ಬಿದ ಬಾಟ್ಲಿ ಮುಚ್ಚಳ ತಿರುವಿದಾಗ ಬುಸ್ ಅಂತ ಮುಖಕ್ಕ ಹಾರ್ತೈತಿ. ಥಿನ್ನರ್ ಅಂತೂ ಕೆಲವು ಪ್ಲಾಸ್ಟಿಕ್ಕನ್ನ ಮೆತ್ತಗ ಮಾಡಿಬಿಡ್ತೈತಿ.

ಈಗ ದೊಡ್ಡವ್ವಗಳ ವಾದಕ್ಕ ಬರ್ತೀನಿ. "ನಮ್ಮ ಕಾಲದಾಗ ಡಬ್ಬಿ ಡಬ್ಬಿ ಸೀಮೆಎಣ್ಣಿ ಮನಿಯೊಳಗ ಇಟ್ಟಿದ್ವಿ, ಏನೂ ಆಗಲಿಲ್ಲ." ದೊಡ್ಡವ್ವಾ, ಸೀಮೆಎಣ್ಣಿ ಬ್ಯಾರೆ, ಪೆಟ್ರೋಲ್ ಬ್ಯಾರೆ. ಕಿಡಿ ತಾಕಿದ್ರ ಹತ್ತಿಕೊಳ್ಳೋವಷ್ಟು ಆವಿ ಬಿಡಾಕ ಪ್ರತಿಯೊಂದು ಎಣ್ಣಿಗೂ ಒಂದು ಮಟ್ಟದ ಬಿಸಿ ಬೇಕು. ಸೀಮೆಎಣ್ಣಿಗೆ ಅದು 35 ಡಿಗ್ರಿಗಿಂತ ಕಮ್ಮಿ ಇರಬಾರದು ಅಂತ ನಮ್ಮ ದೇಶದ ಮಾನದಂಡ ಐತಿ. ಪೆಟ್ರೋಲಿಗೆ ಅದು ಸೊನ್ನಿಗಿಂತ 40 ಡಿಗ್ರಿ ಕೆಳಗ. ಅಂದ್ರ ಹಿಮಾಲಯದ ಮ್ಯಾಲೆ ಇಟ್ರೂ ಅದು ಹತ್ತಿಕೊಳ್ಳಾಕ ತಯಾರೇ. ಥಿನ್ನರಿನಾಗ ಸಾಮಾನ್ಯವಾಗಿ ಕೂಡಿಸೋ ಟೊಲ್ವೀನಿಗೆ 4 ಡಿಗ್ರಿ ಸಾಕು, ಅಸಿಟೋನಿಗೆ ಸೊನ್ನಿಗಿಂತ 20 ಕೆಳಗ. ನಮ್ಮ ಹೊಸಪೇಟೆ, ಕಂಪ್ಲಿಯಾಗ ಚಳಿಗಾಲದ ನಸುಕಿನಾಗೂ ಇವು ಆವಿ ಬಿಡ್ತಾನೇ ಇರ್ತಾವ. ಹಂಗಂತ ಸೀಮೆಎಣ್ಣಿಗೆ ಮಾಫಿ ಇಲ್ಲ. ಬ್ಯಾಸಿಗಿಯೊಳಗ ನಮ್ಮ ಕಡೆ 40 ಡಿಗ್ರಿ ದಾಟೋದು ಯಾರಿಗೆ ಹೊಸದು? ಆವಾಗ ಅದೂ ತನ್ನ 35ರ ಗೆರಿ ದಾಟಿರ್ತೈತಿ. ಅಜ್ಜಿಗಳ ಕಾಲದ ಲೆಕ್ಕ ಹಿಡಿದು ಇವತ್ತಿನ ಬಾಟ್ಲಿ ಇಡಾಕ ಬರಂಗಿಲ್ಲ.

ನನಗ ಸಿಟ್ಟು ಬರೋದು ಇನ್ನೊಂದಕ್ಕ. ತೋರಣಗಲ್ಲಿನ ಕಾರ್ಖಾನಿ, ದೋಣಿಮಲೈ ಗಣಿ ಕಡೆ ದುಡಿಯೋರು ನಮ್ಮ ಬಳಗದಾಗ ಎಷ್ಟೋ ಮಂದಿ ಅದಾರ. ಕಾರ್ಖಾನಿಗಳಾಗ ಇಂಥ ಎಣ್ಣಿ ಇಟ್ಟಲ್ಲಿ ಬೆಂಕಿಪೆಟ್ಟಿಗಿ ಒಯ್ಯೋ ಹಂಗಿಲ್ಲ, ಹತ್ತಿರ ವೆಲ್ಡಿಂಗ್ ಮಾಡಬೇಕಂದ್ರ ಬರವಣಿಗಿಯೊಳಗ ಪರವಾನಿಗಿ ತಗೋಬೇಕು, ಡ್ರಮ್ಮಿನ ಮ್ಯಾಲೆ ಹೆಸರು, ಬೆಂಕಿ ಗುರುತು ಇರಬೇಕು. ಪೆಟ್ರೋಲ್ ಬಂಕಿನಾಗ ಇಂಜಿನ್ ಬಂದ್ ಮಾಡಂತಾರ, ಮೊಬೈಲ್ ಬ್ಯಾಡ ಅಂತಾರ, ಇವರು ಕೈಕಟ್ಟಿ ಕೇಳ್ತಾರ. ಅಲ್ಲಿಂದ ಅದೇ ಎಣ್ಣಿಯನ್ನ ಬಾಟ್ಲಿಯೊಳಗ ತುಂಬಿಕೊಂಡು ಮನಿಗೆ ಬಂದು ಉರಿಯೋ ಒಲಿ ಪಕ್ಕ ಇಡ್ತಾರ. ಸಾಹೇಬರ ಮುಂದ ಇದ್ದ ಬುದ್ಧಿ ಹೆಂಡ್ತಿ-ಮಕ್ಕಳ ಮುಂದ ಎಲ್ಲಿ ಹೋತು?

ನಾಳೆ ಏನಾದ್ರೂ ಆತು ಅಂದ್ರ ಮಂದಿ ಏನಂತಾರ ಅದೂ ಗೊತ್ತೈತಿ. "ಆಕಿ ನೋಡಿಕೊಳ್ಳಲಿಲ್ಲ, ಅಡಗಿ ಮಾಡೋ ಮುಂದ ಲಕ್ಷ್ಯ ಇರಲಿಲ್ಲ." 1990ರ ದಶಕದೊಳಗ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಮಕ್ಕಳು ಸುಟ್ಟು ಸತ್ತ ಸೊಸೆಯಂದಿರ ವಿಷಯ ಹಿಡಿದು ಹೋರಾಡಿದ್ರು. "ಸ್ಟೋವ್ ಸಿಡಿತು", "ಅಡಗಿಮನಿ ಅಪಘಾತ" ಅಂತ ಬರೆದು ಮುಚ್ಚಿದ ಸಾವುಗಳು ಖರೇನೇ ಅಪಘಾತ ಹೌದೋ ಅಲ್ಲೋ ಅಂತ ಕೇಳಿದ್ರು. ಅದು ಇನ್ನೂ ದೊಡ್ಡ ಸಂಕಟದ ಮಾತು, ಇವತ್ತು ಅದಕ್ಕ ಕೈ ಹಾಕಂಗಿಲ್ಲ. ಆದ್ರ ಅವರು ಕೇಳಿದ ರೀತಿ ನಮಗ ಬೇಕು. ಅಡಗಿಮನಿಯೊಳಗ ಬೆಂಕಿ ಬಿದ್ರ, ಆ ಎಣ್ಣಿ ಅಲ್ಲಿಗೆ ತಂದಿಟ್ಟವರು ಯಾರು ಅಂತ ಮೊದಲು ಕೇಳಬೇಕು. ಒಲಿ ಹಚ್ಚಿದ್ದು ತಪ್ಪಲ್ಲವಾ, ಒಲಿ ಇರೋದೇ ಹಚ್ಚಾಕ.

"ಕಾಯ್ದೆ ಏನು ಬ್ಯಾಡ ಅಂದಿಲ್ಲಲ್ಲ" ಅಂತ ಓದಿದ ತಮ್ಮಂದಿರು ಅಂತಾರ. ಅಂದೈತಿ ತಮ್ಮಾ. 1934ರ ಪೆಟ್ರೋಲಿಯಂ ಕಾಯ್ದೆ ಇವತ್ತಿಗೂ ಐತಿ. ಸ್ವಂತಕ್ಕ ಅಂತ 30 ಲೀಟರ್ ತನಕ ಲೈಸೆನ್ಸ್ ಇಲ್ದ ಇಟ್ಟುಕೊಳ್ಳಾಕ ಬಿಟ್ಟೈತಿ, ಆದ್ರ ಎಂಥಾ ಪಾತ್ರಿಯೊಳಗ ಅಂತಾನೂ ಹೇಳೈತಿ: ಗಟ್ಟಿ ಮುಚ್ಚಳದ ಗಾಜು ಇಲ್ಲಾ ಪಿಂಗಾಣಿ ಆದ್ರ ಒಂದು ಲೀಟರ್ ತನಕ, ಲೋಹದ ಕ್ಯಾನ್ ಆದ್ರ 25 ಲೀಟರ್ ತನಕ. ಆ ಪಟ್ಟಿಯೊಳಗ ನೀರಿನ ಪ್ಲಾಸ್ಟಿಕ್ ಬಾಟ್ಲಿ ಇಲ್ಲ. ಮಾರೋದಿದ್ರ ಈ ಸಡಿಲಿಕಿನೇ ಇಲ್ಲ. ಕಿರಾಣಿ ಅಂಗಡಿ ಮುಂದ ಸಾಲಾಗಿ ನಿಲ್ಲಿಸಿದ ಬಾಟ್ಲಿಗೆ ಲೈಸೆನ್ಸ್ ಎಲ್ಲೈತಿ?

ಅಂಗಡಿ ಇಟ್ಟ ಅಕ್ಕಗಳ ಮ್ಯಾಲೆ ನನಗ ಸಿಟ್ಟಿಲ್ಲ. ಬಂಕು ದೂರ, ಬಾಟ್ಲಿಗೆ ನಾಕು ಕಾಸು ಸಿಗ್ತೈತಿ, ಮಕ್ಕಳ ಫೀಸಿಗೆ ಆಗ್ತೈತಿ. ತಿಳಿತೈತಿ. ಆದ್ರ ಅಕ್ಕಾ, ಅಂಗಡಿ ಹಿಂದೇ ನಿನ್ನ ಮನಿ. ಸಂಜಿಗೆ ಗಲ್ಲೆದ ಮುಂದ ನೀನು ಹಚ್ಚೋ ಊದಿನಕಡ್ಡಿ, ಬೀಡಿ ಕೊಳ್ಳಾಕ ಬರೋ ಗಿರಾಕಿ, ಚಾಕಲೇಟಿಗೆ ಬರೋ ಓಣಿ ಮಕ್ಕಳು, ಎಲ್ಲಾ ಆ ಬಾಟ್ಲಿಯಿಂದ ಒಂದು ಮಾರು ದೂರ. 2020ರ ನವೆಂಬರಿನಾಗ ಬೆಂಗಳೂರಿನ ಮೈಸೂರು ರಸ್ತೆ ಹತ್ತಿರ ಹೊಸಗುಡ್ಡದಹಳ್ಳಿಯೊಳಗ ಮನಿಗಳ ನಡುವ ಇದ್ದ ಕೆಮಿಕಲ್ ಗೋಡೌನಿಗೆ ಬೆಂಕಿ ಬಿತ್ತು. ಅಕ್ಕಪಕ್ಕದವರು ಇದ್ದದ್ದು ಬಿಟ್ಟು ಹೊರಗ ಬರಬೇಕಾತು. ಅದು ಗೋಡೌನು, ನಮ್ಮದು ನಾಕು ಬಾಟ್ಲಿ ಅನ್ನಬ್ಯಾಡ್ರಿ. ಒಂದು ಸಣ್ಣ ಖೋಲಿಗೆ ಒಂದು ಬಾಟ್ಲಿ ಸಾಕು.

ನಮ್ಮ ಕೈಯಾಗಿನ ಕೆಲವು ರೂಢಿಗಳನ್ನೂ ಬಿಡಬೇಕು. ರೇಷ್ಮಿ ಸೀರಿ ಮ್ಯಾಲಿನ ಜಿಡ್ಡಿನ ಕಲಿ ತೆಗಿಯಾಕ ಪೆಟ್ರೋಲ್ ಅದ್ದಿದ ಬಟ್ಟಿ ಬ್ಯಾಡ, ಡ್ರೈಕ್ಲೀನಿಗೆ ಕೊಡ್ರಿ. ಹುಡುಗೇರ ತಲಿ ಹೇನಿಗೆ ಸೀಮೆಎಣ್ಣಿ ಹಚ್ಚೋದಂತೂ ಬ್ಯಾಡೇ ಬ್ಯಾಡ. ಹಚ್ಚಿಕೊಂಡ ಕೂಸು ಹಂಡೆ ಒಲಿ ಮುಂದ ಹೋಗಿ ಕೂಡ್ತೈತಿ. ಔಷಧದ ಅಂಗಡಿಯಾಗ ಹೇನಿನ ಲೋಷನ್ ಸಿಗ್ತೈತಿ. ಹಸಿ ಕಟ್ಟಿಗಿ ಹತ್ತಲಿಲ್ಲ ಅಂತ ಒಲಿಗೆ, ಕಸದ ಗುಂಪಿಗೆ ಪೆಟ್ರೋಲ್ ಹೊಯ್ಯಬಾರದು. ಕಡ್ಡಿ ಗೀರೋದರೊಳಗ ಆವಿ ನಿಮ್ಮ ಸೆರಗಿನ ತನಕ ಬಂದಿರ್ತೈತಿ. ಗ್ಯಾರೇಜಿನವರ ಪೆಟ್ರೋಲ್ ಕುಡಿದ ಅಂಗಿ-ಪ್ಯಾಂಟು ಸೀದಾ ವಾಷಿಂಗ್ ಮಷಿನ್ನಿಗೆ ಹಾಕಬ್ಯಾಡ್ರಿ, ಬಯಲಿನಾಗ ವಾಸನಿ ಪೂರಾ ಹೋಗೋತನಕ ಹರವಿ, ಆಮ್ಯಾಲೆ ಕೈಲೇ ತೊಳಿರಿ. ಉಳಿದ ಥಿನ್ನರನ್ನ ಬಚ್ಚಲಕ್ಕ ಸುರಿಬ್ಯಾಡ್ರಿ, ಮೋರಿ ಗುಂಟ ಆವಿ ಓಣಿಯೆಲ್ಲಾ ಹೋಗ್ತೈತಿ. ಬಣ್ಣದವನಿಗೆ "ನಿನ್ನ ಡಬ್ಬಿ ನೀನೇ ಒಯ್ಯಿ" ಅಂತ ಮೊದಲೇ ಹೇಳಿಬಿಡ್ರಿ.

ಇನ್ನೊಂದು ಭಯ ಕೂಸುಗಳದ್ದು. ಆಡಿ ಬಾಯಾರಿ ಬಂದ ಕೂಸಿಗೆ ನೀರಿನ ಬಾಟ್ಲಿ ಅಂದ್ರ ನೀರೇ. ಒಂದು ಗುಟುಕು ಕುಡಿದ್ರ ವಾಂತಿ ಮಾಡಿಸಬ್ಯಾಡ್ರಿ, ಉಪ್ಪಿನ ನೀರು ಕುಡಿಸಬ್ಯಾಡ್ರಿ. ಪೆಟ್ರೋಲ್, ಸೀಮೆಎಣ್ಣಿ ಹೊಟ್ಟಿಯೊಳಗ ಮಾಡೋದಕ್ಕಿಂತ ಜಾಸ್ತಿ ಕೇಡು ಶ್ವಾಸಕೋಶಕ್ಕ ಹೋದ್ರ ಮಾಡ್ತೈತಿ, ವಾಂತಿಯೊಳಗ ಅದು ಅಲ್ಲಿಗೇ ಇಳಿತೈತಿ. ಬಾಟ್ಲಿ ಸಮೇತ ತಕ್ಷಣ ದವಾಖಾನಿಗೆ ಓಡ್ರಿ.

ಬೆಂಕಿ ಬಿತ್ತೇ ಬಿತ್ತು ಅಂದ್ರ, ಪೆಟ್ರೋಲ್ ಬೆಂಕಿಗೆ ಕೊಡ ಎತ್ತಿ ನೀರು ಹೊಯ್ಯಬ್ಯಾಡ್ರಿ. ಪೆಟ್ರೋಲ್ ನೀರಿಗಿಂತ ಹಗುರ, ನೀರಿನ ಮ್ಯಾಲೆ ತೇಲಿ ಬೆಂಕಿನ ಮನಿತುಂಬಾ ಹರವ್ತೈತಿ. ಸಣ್ಣದಿದ್ರ ಮರಳು, ಮಣ್ಣು ಹಾಕ್ರಿ. ದೊಡ್ಡದಿದ್ರ ಎಲ್ಲಾ ಬಿಟ್ಟು ಹೊರಗ ಬಂದು 101ಕ್ಕೋ 112ಕ್ಕೋ ಫೋನ್ ಮಾಡ್ರಿ. ಮೈಮ್ಯಾಲಿನ ಬಟ್ಟಿಗೆ ಹತ್ತಿದ್ರ ಓಡಬ್ಯಾಡ್ರಿ, ನೆಲಕ್ಕ ಬಿದ್ದು ಹೊರಳ್ರಿ. ಹತ್ತಿರ ಇದ್ದವರು ದಪ್ಪ ಕಂಬಳಿನೋ ಕೌದಿನೋ ಸುತ್ತಿ ಬೆಂಕಿ ಉಸಿರು ಕಟ್ಟಿಸ್ರಿ. ಬೆಂಕಿ ಆರಿದ ಮ್ಯಾಲೆ ಕಂಬಳಿ ತೆಗೆದು, ಸುಟ್ಟಲ್ಲಿ 20 ನಿಮಿಷ ತಣ್ಣೀರು ಹರಿಸ್ರಿ. ಮಂಜುಗಡ್ಡಿ, ಟೂತ್‌ಪೇಸ್ಟು, ತುಪ್ಪ ಯಾವುದೂ ಬ್ಯಾಡ. ಪಾಲಿಸ್ಟರ್ ಸೀರಿ ಕರಗಿ ಚರ್ಮಕ್ಕ ಅಂಟಿದ್ರ ಕಿತ್ತಬ್ಯಾಡ್ರಿ. ಹೊಸಪೇಟೆಯಿಂದ ಬಳ್ಳಾರಿ ದೊಡ್ಡಾಸ್ಪತ್ರಿಗೆ ಸುಮಾರು 60 ಕಿಲೋಮೀಟರ್ ದಾರಿ. ಸುಟ್ಟ ಮೈ ಹೊತ್ತುಕೊಂಡು ಆ ದಾರಿ ಎಷ್ಟು ಉದ್ದ ಆಗ್ತೈತಿ ಅಂತ ನೀವೇ ವಿಚಾರ ಮಾಡ್ರಿ.

ಹಂಗಾದ್ರ ಹೊಲದ ಮಷಿನ್ನಿಗೆ ಪೆಟ್ರೋಲ್ ಬ್ಯಾಡಾ ಅಂತ ಕೇಳಿದ್ರ, ಬೇಕು. ಆ ಹೊತ್ತಿಗೆ ಬೇಕಾದಷ್ಟೇ ತರ್ಲಿ. ಗಟ್ಟಿ ಮುಚ್ಚಳದ ಲೋಹದ ಕ್ಯಾನಿನಾಗ ತರ್ಲಿ, ಮ್ಯಾಲೆ ದಪ್ಪ ಅಕ್ಷರದಾಗ "ಪೆಟ್ರೋಲ್" ಅಂತ ಬರಿಲಿ. ಮನಿಯಿಂದ ಹೊರಗ, ನೆರಳಿನಾಗ, ಗಾಳಿ ಆಡೋ ಕಡೆ, ಮಕ್ಕಳ ಕೈಗೆ ಸಿಗದಂಗ ಕೀಲಿ ಹಾಕಿ ಇಡ್ಲಿ. ಮಷಿನ್ ಬಿಸಿ ಆರಿದ ಮ್ಯಾಲೆ ಬಯಲಿನಾಗ ಹಾಕ್ಲಿ, ಬೀಡಿ ಆಚೆ ಇಟ್ಟು ಬರ್ಲಿ. ಇಷ್ಟು ಮಾಡಾಕ ಆಗಲ್ಲ ಅನ್ನೋರಿಗೆ ಪೆಟ್ರೋಲ್ ಮುಟ್ಟೋ ಯೋಗ್ಯತಿನೂ ಇಲ್ಲ.

"ಅವರು ಸಿಟ್ಟಾಗ್ತಾರ" ಅಂತೀರೇನು? ಆಗ್ಲಿ. ಚಪ್ಪಲಿ ಹಾಕ್ಕೊಂಡು ಅಡಗಿಮನಿಗೆ ಬಂದ್ರ ಬೈತೀರಲ್ಲ, ಅಷ್ಟೇ ಜೋರಾಗಿ ಇದಕ್ಕೂ ಬೈರಿ. ಒಬ್ಬಾಕಿ ಹೇಳಿದ್ರ ಹಟಮಾರಿ ಅಂತಾರ, ಓಣಿ ಹೆಣ್ಮಕ್ಕಳೆಲ್ಲಾ ಒಂದೇ ವಾರದಾಗ ಹೇಳಿದ್ರ ರೂಢಿ ಆಗ್ತೈತಿ. ಸಂಘದ ಮುಂದಿನ ಮೀಟಿಂಗಿನಾಗ ಸಾಲದ ಕಂತಿನ ಜೋಡಿ ಈ ಮಾತೂ ಎತ್ರಿ.

ಇದನ್ನ ಓದಿ ಮುಗಿಸಿದವರು ಈಗಲೇ ಎದ್ದು ಕಟ್ಟಿ ಕೆಳಗ, ಬಚ್ಚಲದಾಗ, ಮೆಟ್ಟಲ ಸಂದ್ಯಾಗ ಹುಡುಕ್ರಿ. ಸಿಕ್ರ ದೀಪ ಆರಿಸಿ, ಒಲಿ ಬಂದ್ ಮಾಡಿ, ಬಾಗಿಲು ತೆರೆದು, ಮುಚ್ಚಳ ತೆಗಿದಂಗ ಹೊರಗ ಒಯ್ದು ಇಡ್ರಿ. ತಂದವರು ಸಂಜಿಗೆ ಬಂದು "ನನ್ನ ಬಾಟ್ಲಿ ಎಲ್ಲಿ?" ಅಂತ ಕೇಳಿದ್ರ ಹೊರಗ ಬಟ್ಟು ತೋರಿಸ್ರಿ.