ಗಡಿಯಲ್ಲಿ ನಿಂತ ತನಿಖೆ

2000ನೆಯ ಇಸವಿಯ ಜುಲೈ 8ರಂದು ಹುಬ್ಬಳ್ಳಿಯ ಸೇಂಟ್ ಜಾನ್ ಲೂಥರನ್ ಚರ್ಚಿನಲ್ಲಿ ಬಾಂಬು ಸಿಡಿದಾಗ ಅದರ ಸದ್ದು ನಮ್ಮ ನವಲಗುಂದವನ್ನು ಮುಟ್ಟಲಿಲ್ಲ, ಅಂಜಿಕೆ ಮುಟ್ಟಿತು. ಮರುದಿನ ಬೆಂಗಳೂರಿನಲ್ಲಿ ಬಾಂಬು ಸಾಗಿಸುತ್ತಿದ್ದ ವ್ಯಾನೇ ಸ್ಫೋಟಗೊಂಡು ಒಳಗಿದ್ದ ಇಬ್ಬರು ಸತ್ತರು. ದೀನದಾರ್ ಅಂಜುಮನ್ ಎಂಬ ಪಂಗಡದ ಕೆಲವರ ಸಂಚು ಬಯಲಾದುದು ಆ ಅವಘಡದಿಂದ. (ಕೆಲವರ ಕೃತ್ಯವನ್ನು ಒಂದು ಮತದ ತಲೆಗೆ ಕಟ್ಟುವವರೊಡನೆ ನನಗೆ ಮಾತಿಲ್ಲ.) ಸ್ಫೋಟಗಳು ಕರ್ನಾಟಕ, ಆಂಧ್ರ, ಗೋವೆಗಳಲ್ಲಿ ಹರಡಿದ್ದರೂ ರಾಜ್ಯಗಳ ಎಲ್ಲೆ ತನಿಖೆಗೆ ಅಡ್ಡವಾಗಲಿಲ್ಲ. 2008ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು 23 ಜನರಿಗೆ ಶಿಕ್ಷೆ ವಿಧಿಸಿತು.

ಆದರೆ ಸಂಚಿನ ಸೂತ್ರಧಾರನೆಂದು ಆರೋಪಿಸಲಾದ ಪಂಗಡದ ನಾಯಕನಿದ್ದುದು ಪಾಕಿಸ್ತಾನದಲ್ಲಿ. ಆ ದೇಶದೊಡನೆ ನಮಗೆ ಆರೋಪಿಗಳ ಹಸ್ತಾಂತರದ ಒಪ್ಪಂದವಿಲ್ಲ. ವಿದೇಶದಲ್ಲಿರುವ ಸಾಕ್ಷ್ಯವನ್ನು ಕೋರಿ ನಮ್ಮ ನ್ಯಾಯಾಲಯವೇ ವಿನಂತಿಪತ್ರ ಕಳುಹಿಸಬಹುದೆಂದು 1990ರಿಂದ ಕಾನೂನು ಹೇಳುತ್ತದೆ; ಉತ್ತರ ಕೊಡುವುದು ಬಿಡುವುದು ಅಲ್ಲಿಯ ಸರಕಾರದ ಮರ್ಜಿ.

ವೈರವಿದ್ದಲ್ಲಿ ಮಾತ್ರ ಹೀಗೆಂದು ತಿಳಿಯಬೇಕಾಗಿಲ್ಲ. 1974ರ ಮೇ 17ರಂದು ಡಬ್ಲಿನ್ ಮತ್ತು ಮೊನಹನ್ ಪಟ್ಟಣಗಳ ಸ್ಫೋಟಗಳಲ್ಲಿ 33 ಜನ ಮಡಿದರು. ಬ್ರಿಟನ್ನಿನ ಕಡತಗಳನ್ನು ಸ್ವತಂತ್ರ ನ್ಯಾಯವೇತ್ತರೊಬ್ಬರಿಗಾದರೂ ತೋರಿಸಿರೆಂದು ಐರ್ಲೆಂಡಿನ ಸಂಸತ್ತು 2008, 2011, 2016ರಲ್ಲಿ ಒಮ್ಮತದಿಂದ ಕೇಳಿತು. ಮಿತ್ರರಾಷ್ಟ್ರವನ್ನೇ ಮೂರು ಸಲ ಕೇಳಬೇಕಾಯಿತು! ಆದರೂ ಆ ಕೇಳಿಕೆಯ ರೀತಿ ನನಗೆ ಹಿಡಿಸಿದೆ. ಮನುಷ್ಯನನ್ನು ಒಪ್ಪಿಸಿರೆಂದರೆ ಸರಕಾರಗಳಿಗೆ ಮಾನದ ಪ್ರಶ್ನೆ ಅಡ್ಡ ಬರುತ್ತದೆ. ಕಾಗದ ತೋರಿಸಿರೆಂದರೆ ಅಷ್ಟು ಬಾರದು. ನಮ್ಮವರು ಮೊದಲು ಕೇಳಬೇಕಾದುದು ಪತ್ರವ್ಯವಹಾರವನ್ನು, ಹಣದ ಲೆಕ್ಕವನ್ನು, ಸಾಕ್ಷಿಗಳ ಹೇಳಿಕೆಯನ್ನು. ಅವರು ನಮ್ಮಲ್ಲಿ ಅಂಥದನ್ನೇ ಕೇಳಿದ ದಿನ ನಾವೂ ಪೆಟ್ಟಿಗೆ ತೆರೆಯಬೇಕಾದೀತು.