ಕೋಣೆಯೂ ಅದರ ಚಿತ್ರವೂ

ಮನುಷ್ಯನು ಬಾಳುವ ಕೋಣೆ ದಿನವಿಡೀ ಒಂದೇ ರೂಪದಲ್ಲಿ ಇರುವುದಿಲ್ಲ. ಬೆಳಗ್ಗೆ ಹಾಸಿಗೆ ಸುತ್ತಿಟ್ಟ ಮೂಲೆಯಲ್ಲಿಯೇ ಮಧ್ಯಾಹ್ನ ಊಟದ ತಟ್ಟೆಗಳು ಬೀಳುತ್ತವೆ. ಸಂಜೆ ಅಲ್ಲಿಯೇ ಮಕ್ಕಳು ಪುಸ್ತಕ ಬಿಚ್ಚಿ ಕೂಡುತ್ತಾರೆ. ಗೋಡೆಯಲ್ಲಿ ಕ್ಯಾಲೆಂಡರಿನ ಮೊಳೆ, ದೀಪ ಇಡುವ ಗೂಡಿನ ಮೇಲೆ ಹೊಗೆಯ ಕಪ್ಪು, ಬಾಗಿಲಿನ ಚೌಕಟ್ಟಿನಲ್ಲಿ ಮಗುವಿನ ಎತ್ತರವನ್ನು ವರ್ಷವರ್ಷವೂ ಗುರುತಿಸಿದ ಪೆನ್ಸಿಲಿನ ಗೆರೆ, ಇವೆಲ್ಲವೂ ಆ ಮನೆಯವರು ತಮಗೆ ಅರಿವಿಲ್ಲದೆಯೇ ಬರೆದಿಟ್ಟ ದಿನಚರಿ. ಇಂಥ ಕೋಣೆಯ ಛಾಯಾಚಿತ್ರವನ್ನು ಗಣಕಯಂತ್ರದ ತಂತ್ರಾಂಶಕ್ಕೆ ಒಪ್ಪಿಸಿ, ಅರಮನೆಯ ಒಳಾಂಗಣದಂತೆಯೋ ವರ್ಣಚಿತ್ರದಂತೆಯೋ ಮಾರ್ಪಡಿಸುವ ವಿದ್ಯೆ ಈಗ ಮೊಬೈಲ್ ಫೋನು ಇರುವವರಿಗೆಲ್ಲ ಕೈಗೆಟುಕಿದೆ. ಕೆಲವೇ ಕ್ಷಣಗಳಲ್ಲಿ ಮೊಳೆ ಮಾಯವಾಗುತ್ತದೆ, ಹೊಗೆಯ ಕಪ್ಪು ಅಳಿಯುತ್ತದೆ, ಚಾಪೆ ಹಾಸಿದ್ದ ನೆಲದ ಮೇಲೆ ರತ್ನಗಂಬಳಿ ಹರಡುತ್ತದೆ.

ಚಿತ್ರವನ್ನು ತಿದ್ದುವುದೇ ಮೋಸವೆಂದು ಸಿಡುಕುವವರು ಛಾಯಾಚಿತ್ರಕಲೆಯ ಚರಿತ್ರೆಯನ್ನು ಒಮ್ಮೆ ಗಮನಿಸಬೇಕು. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರ ಆಗಸ್ಟ್ ತಿಂಗಳಲ್ಲಿ ಲೇಕಾಕ್ ಅಬ್ಬೆ ಎಂಬ ತನ್ನ ಮನೆಯ ಒಳಗಿನಿಂದ ಒಂದು ಕಿಟಕಿಯ ಚಿತ್ರವನ್ನು ತೆಗೆದನು. ಇಂದು ಉಳಿದಿರುವ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು. ಗಾತ್ರದಲ್ಲಿ ಅಂಚೆಚೀಟಿಗಿಂತ ಅಷ್ಟೇನೂ ದೊಡ್ಡದಲ್ಲದ ಆ ಚಿತ್ರದಲ್ಲಿ, ಭೂತಗನ್ನಡಿ ಹಿಡಿದು ನೋಡಿದರೆ ಕಿಟಕಿಯ ಸುಮಾರು 200 ಗಾಜಿನ ತುಂಡುಗಳನ್ನು ಎಣಿಸಬಹುದಿತ್ತೆಂದು ಟಾಲ್ಬಟ್ ಗುರುತು ಹಾಕಿಕೊಂಡಿದ್ದಾನೆ. ಬೆಳಕು ತಾನೇ ಬರೆದ ಲೆಕ್ಕ ಅದು. ಆದರೆ ಹೀಗೆ ಸಾಕ್ಷಿಯಾಗಿ ಹುಟ್ಟಿದ ಛಾಯಾಚಿತ್ರ ಬಹುಕಾಲ ಸಾಕ್ಷಿಯಾಗಿಯೇ ಉಳಿಯಲಿಲ್ಲ. 1858ರಲ್ಲಿ ಹೆನ್ರಿ ಪೀಚ್ ರಾಬಿನ್ಸನ್ ಎಂಬಾತನು ಐದು ಬೇರೆ ಬೇರೆ ನೆಗೆಟಿವ್‌ಗಳನ್ನು ಸೇರಿಸಿ ಒಂದೇ ಕೋಣೆಯ ಚಿತ್ರವನ್ನು ರಚಿಸಿದನು. ಮರಣಶಯ್ಯೆಯಲ್ಲಿರುವ ಹುಡುಗಿ, ಅವಳ ಪಕ್ಕದಲ್ಲಿ ಇಬ್ಬರು ಹೆಂಗಸರು, ಕಿಟಕಿಯತ್ತ ಮುಖ ಮಾಡಿ ನಿಂತ ಗಂಡಸು, ಇಷ್ಟು ಆ ಚಿತ್ರದ ವಸ್ತು. ಹುಡುಗಿಗೆ ಯಾವ ರೋಗವೂ ಇರಲಿಲ್ಲ. ನೋಡಿದವರಲ್ಲಿ ಹಲವರು, ಇಂಥ ದುಃಖವನ್ನು ಕ್ಯಾಮೆರಾದ ಮುಂದೆ ನಿಲ್ಲಿಸಬಹುದೇ ಎಂದು ಕೆರಳಿದರು. ವರ್ಣಚಿತ್ರಕಾರನೊಬ್ಬನು ಇದೇ ದೃಶ್ಯವನ್ನು ಬಣ್ಣದಲ್ಲಿ ಬರೆದಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಛಾಯಾಚಿತ್ರ ಸುಳ್ಳಾಡದು ಎಂಬ ನಂಬಿಕೆಯೇ ಅವರ ಕೋಪಕ್ಕೆ ಮೂಲ. ನಮ್ಮ ದೇಶದಲ್ಲಿಯೂ 19ನೆಯ ಶತಮಾನದ ಉತ್ತರಾರ್ಧದಲ್ಲಿ ಛಾಯಾಚಿತ್ರಗಳ ಮೇಲೆ ಕುಂಚದಿಂದ ಬಣ್ಣ ಬಳಿದು, ಬರಿಯ ನೆಲವನ್ನು ಗಂಬಳಿಯಾಗಿಸಿ, ಖಾಲಿ ಗೋಡೆಗೆ ಪರದೆ ತೊಡಿಸಿದ ಕಲಾವಿದರಿದ್ದರು. ಅವರ ಕುಶಲತೆಗೆ ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಗೌರವವಿದೆ. ಅವರ ಕುಂಚದ ಗುರುತು ಕಣ್ಣಿಗೆ ಕಾಣುತ್ತಿತ್ತು ಎಂಬುದನ್ನು ಮಾತ್ರ ಇಲ್ಲಿ ನೆನಪಿನಲ್ಲಿಡಬೇಕು.

ತಂತ್ರಾಂಶದ ಕೆಲಸ ಬೇರೆ ಬಗೆಯದು. ಗಣಕಯಂತ್ರಕ್ಕೆ ಕೋಣೆಯೆಂದರೇನೆಂದು ತಿಳಿಯದು. ಉದ್ದಕ್ಕೆ 4000, ಅಗಲಕ್ಕೆ 3000 ಚುಕ್ಕೆಗಳಿರುವ ಚಿತ್ರವೆಂದರೆ ಅದರ ಪಾಲಿಗೆ 1 ಕೋಟಿ 20 ಲಕ್ಷ ಚುಕ್ಕೆಗಳ ಪಟ್ಟಿ. ಪಿಕ್ಸೆಲ್ ಎಂದು ಕರೆಯುವ ಈ ಚುಕ್ಕೆ ಪ್ರತಿಯೊಂದಕ್ಕೂ ಕೆಂಪು, ಹಸಿರು, ನೀಲಿಗಳ ಮೂರು ಅಂಕಿಗಳು. ಪ್ರತಿ ಅಂಕಿಯೂ ಸಾಮಾನ್ಯವಾಗಿ 0ಯಿಂದ 255ರ ಒಳಗಿನದು. ಈ ಮೂರರ ಬೆರಕೆಯಿಂದ 1,67,77,216 ಬಣ್ಣಗಳು ದೊರೆಯುತ್ತವೆ. ಕತ್ತಲೆಯ ಮೂಲೆಯನ್ನು ಬೆಳಗಿಸುವುದೆಂದರೆ ಅಲ್ಲಿನ ಅಂಕಿಗಳನ್ನು ಏರಿಸುವುದು. ಮುಸ್ಸಂಜೆಯ ಹೊಂಬಣ್ಣ ತರುವುದೆಂದರೆ ನೀಲಿಯನ್ನು ತಗ್ಗಿಸಿ ಕೆಂಪನ್ನು ಹೆಚ್ಚಿಸುವುದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಥಾಮಸ್ ನಾಲ್ 1987ರಲ್ಲಿ ಆರಂಭಿಸಿ, ತನ್ನ ಸೋದರ ಜಾನ್ ನಾಲ್‌ನ ಜೊತೆಗೂಡಿ ಬೆಳೆಸಿದ ಕಾರ್ಯಕ್ರಮವು 1990ರಲ್ಲಿ ಫೋಟೋಶಾಪ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. 1994ರಲ್ಲಿ ಅದಕ್ಕೆ ಪದರಗಳ ಸೌಕರ್ಯ ಕೂಡಿತು. ಗಾಜಿನ ಹಾಳೆಯೊಂದನ್ನು ಚಿತ್ರದ ಮೇಲಿಟ್ಟು ಆ ಗಾಜಿನ ಮೇಲೆ ಬಣ್ಣ ಹಚ್ಚಿದಂತೆ; ಗಾಜನ್ನು ತೆಗೆದರೆ ಕೆಳಗಿನ ಮೂಲಚಿತ್ರ ಹಾಗೆಯೇ ಇರುತ್ತದೆ. ಮೂಲವನ್ನು ಕೆಡಿಸದೆ ತಿದ್ದಲು ಒದಗಿಸಿದ ಈ ಒಂದು ಅನುಕೂಲಕ್ಕಾಗಿಯೇ ಅದನ್ನು ರೂಪಿಸಿದವರನ್ನು ಮೆಚ್ಚಬೇಕು.

ಗೋಡೆಯ ಮೊಳೆಯನ್ನು ಅಳಿಸಿದಾಗ ಏನು ನಡೆಯುತ್ತದೆ? ಮೊಳೆಯ ಹಿಂದೆ ಏನಿತ್ತೆಂಬುದನ್ನು ಕ್ಯಾಮೆರಾ ಕಂಡಿಲ್ಲ, ಆದ್ದರಿಂದ ಯಂತ್ರವೂ ಕಾಣದು. ಅದು ಸುತ್ತಲಿನ ಸುಣ್ಣದ ಬಣ್ಣವನ್ನು ತಂದು ಆ ತೂತನ್ನು ಮುಚ್ಚುತ್ತದೆ. ಇದು ಊಹೆ, ಆದರೂ ಅದೇ ಗೋಡೆಯಿಂದ ಹುಟ್ಟಿದ ಊಹೆ. ಇತ್ತೀಚಿನ ಕೃತಕ ಬುದ್ಧಿಮತ್ತೆಯ ಸಾಧನಗಳು ಈ ಎಲ್ಲೆಯನ್ನು ದಾಟಿವೆ. 2023ರಿಂದ ಫೋಟೋಶಾಪ್‌ನಲ್ಲಿಯೇ, ‘ಇಲ್ಲೊಂದು ಕಿಟಕಿ ಇರಲಿ’ ಎಂದು ಬರೆದು ಹೇಳಿದರೆ ಸಾಕು, ಕಿಟಕಿ ಮೂಡುತ್ತದೆ. ಅದರ ಬೆಳಕು ನೆಲದ ಮೇಲೆ ಬೀಳುತ್ತದೆ. ಅಸಂಖ್ಯ ಚಿತ್ರಗಳಿಂದ ಯಂತ್ರ ಕಲಿತ ಪಾಠದ ಫಲ ಅದು. ಆ ಕಿಟಕಿಯಿಂದ ಇಣುಕಿದರೆ ಯಾವ ಬೀದಿಯೂ ಕಾಣದು, ಅದರೊಳಗೆ ಯಾವ ಗಾಳಿಯೂ ಬೀಸದು.

ಊರು ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೊರಟ ಯುವಕನೊಬ್ಬನು ಚಿತ್ರವನ್ನಷ್ಟೇ ನೋಡಿ ಬಾಡಿಗೆಯ ಕೋಣೆಗೆ ಮುಂಗಡ ಹಣ ಕಳುಹಿಸಿದನೆಂದು ಭಾವಿಸೋಣ. ಚಿತ್ರದಲ್ಲಿದ್ದ ಕಿಟಕಿ ಕೋಣೆಯಲ್ಲಿಲ್ಲ. ಚಿತ್ರದಲ್ಲಿಲ್ಲದ ತೇವ ಗೋಡೆಯ ತುಂಬ ಇದೆ. ಅವನ ಪಾಲಿಗೆ ಇದು ಕಲೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ತಂದೆ ಸಾಲ ಮಾಡಿ ಕೊಟ್ಟ ಹಣದ ಪ್ರಶ್ನೆಯಾಗುತ್ತದೆ. ಖಾಲಿ ಕೋಣೆಯಲ್ಲಿ ಮಂಚ, ಮೇಜುಗಳನ್ನು ಚಿತ್ರದಲ್ಲಿ ಕೂಡಿಸಿ ತೋರಿಸುವುದು ಮನೆ ಮಾರುವವರಲ್ಲಿ ಈಗ ರೂಢಿಯಾಗಿದೆ. ಸಾಮಾನು ಇಟ್ಟರೆ ಕೋಣೆ ಹೇಗೆ ಕಂಡೀತೆಂದು ತಿಳಿಸುವಷ್ಟರ ಮಟ್ಟಿಗೆ ಅದು ಉಪಯುಕ್ತವೂ ಹೌದು. ಬಿರುಕನ್ನು ಮುಚ್ಚುವುದು ಮಾತ್ರ ಬೇರೆ ಮಾತು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು, ಮನೆ ಮಾರಾಟದ ಜಾಹೀರಾತಿನಲ್ಲಿ ಚಿತ್ರವನ್ನು ಮಾರ್ಪಡಿಸಿದ್ದರೆ ಹಾಗೆಂದು ಹೇಳಿ ಮೂಲಚಿತ್ರವನ್ನೂ ನೋಡಲು ದೊರಕಿಸಬೇಕೆಂಬ ಕಾನೂನನ್ನು 2026ರ ಜನವರಿಯಿಂದ ಜಾರಿಗೆ ತಂದಿದೆ. ಇಂಥ ಕಟ್ಟುಪಾಡು ಎಲ್ಲೆಡೆಯೂ ಬರಬೇಕಾದುದು ನ್ಯಾಯ.

ಸಾಮಾನು ಮಾರುವವರ ಸಂಗತಿ ಇನ್ನೂ ವಿಚಿತ್ರವಾಗಿದೆ. ಸ್ವೀಡನ್ ಮೂಲದ ಐಕಿಯ ಎಂಬ ಪೀಠೋಪಕರಣ ಸಂಸ್ಥೆ 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿಯೂ ಮಳಿಗೆ ತೆರೆಯಿತು. ಈ ಸಂಸ್ಥೆಯು 2006ರಲ್ಲಿ ತನ್ನ ಸಚಿತ್ರ ಪಟ್ಟಿಯಲ್ಲಿ ಗಣಕಯಂತ್ರವೇ ರಚಿಸಿದ ಒಂದು ಕುರ್ಚಿಯ ಚಿತ್ರವನ್ನು ಅಚ್ಚು ಹಾಕಿತು. 2014ರ ಹೊತ್ತಿಗೆ ಅದರ ಸಾಮಾನುಗಳ ಚಿತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಂಥವೇ ಆಗಿದ್ದವು. ಇಂಥ ಕೋಣೆಗಳನ್ನು ಯಂತ್ರದಲ್ಲಿ ಕಟ್ಟುವವರಿಗೆ ಎದುರಾಗುವ ದೊಡ್ಡ ತೊಡಕು ಅತಿಯಾದ ನಿರ್ಮಲತೆ. ಕೋಣೆ ನಿಜವೆಂದು ತೋರಬೇಕಾದರೆ ಹಾಸಿಗೆಯ ಮೇಲೆ ಸುಕ್ಕು ಬೇಕು, ಮರದ ಅಂಚಿನಲ್ಲಿ ಸವೆತ ಬೇಕು. ಅವರು ಶ್ರಮಪಟ್ಟು ಸುಕ್ಕನ್ನು ಬರೆಯುತ್ತಾರೆ. ಇತ್ತ ಮನೆಯಲ್ಲಿ ಬಾಳುವವನು ತನ್ನ ಹಾಸಿಗೆಯ ಸುಕ್ಕನ್ನು ಶ್ರಮಪಟ್ಟು ಅಳಿಸುತ್ತಾನೆ!

ಇಲ್ಲಿಯೇ ಹೆಚ್ಚಿನ ಅಪಾಯವಿದೆ. ಮುಂಗಡ ಹಣ ಹೋದರೆ ಮರಳಿ ಗಳಿಸಬಹುದು. ಮನೆಯ ಹಳೆಯ ಚಿತ್ರವನ್ನು ಅಂದಗೊಳಿಸುವ ಉತ್ಸಾಹದಲ್ಲಿ ಅಜ್ಜಿಯ ಹಿಂದಿದ್ದ ಒರಳುಕಲ್ಲು, ಕಬ್ಬಿಣದ ಪೆಟ್ಟಿಗೆ, ಹಗ್ಗದ ಮೇಲೆ ಒಣಗುತ್ತಿದ್ದ ಸೀರೆಗಳನ್ನು ಅಳಿಸಿ, ಅದೇ ಕಡತದಲ್ಲಿ ಉಳಿಸಿಟ್ಟರೆ ಆ ಮನೆಯ ಬದುಕು ಹೇಗಿತ್ತೆಂಬುದಕ್ಕೆ ಇದ್ದ ಸಾಕ್ಷ್ಯ ಇಲ್ಲವಾಗುತ್ತದೆ. ಇಪ್ಪತ್ತು ವರ್ಷಗಳ ತರುವಾಯ ಮೊಮ್ಮಗಳು ಹುಡುಕುವುದು ಆ ಪೆಟ್ಟಿಗೆಯನ್ನೇ ಹೊರತು ಯಾವ ಮನೆಗಾದರೂ ಹೊಂದಬಹುದಾದ ಬಿಳಿಯ ಗೋಡೆಯನ್ನಲ್ಲ. ಆದ್ದರಿಂದ ತಿದ್ದುವವನು ಮೂಲದ ಒಂದು ಪ್ರತಿಯನ್ನು ಪ್ರತ್ಯೇಕವಾಗಿ ತೆಗೆದಿಡಬೇಕು. ಅದಕ್ಕೆ ಬೇಕಾಗುವುದು ಒಂದು ನಿಮಿಷದ ಕೆಲಸ.

ಹಾಗಾದರೆ ಕೋಣೆಯನ್ನು ಚಿತ್ರವಾಗಿ ಮಾರ್ಪಡಿಸುವ ಕಲೆಯೇ ತ್ಯಾಜ್ಯವೋ ಎಂದರೆ, ವಿನ್ಸೆಂಟ್ ವ್ಯಾನ್ ಗೋನ ಮಲಗುವ ಕೋಣೆ ಅದಕ್ಕೆ ಉತ್ತರ ಕೊಡುತ್ತದೆ. 2015ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಸಂಶೋಧಕರು ಒಂದು ಛಾಯಾಚಿತ್ರಕ್ಕೆ ಇದೇ ವ್ಯಾನ್ ಗೋನ ಶೈಲಿಯನ್ನು ಯಂತ್ರದಿಂದ ತೊಡಿಸಿ ತೋರಿಸಿದರು. ಈಗ ಅಂಥ ವೇಷವನ್ನು ಯಾವ ಕೋಣೆಗೂ ಹಾಕಬಹುದು. ವ್ಯಾನ್ ಗೋ ಮಾತ್ರ ತಾನು ಮಲಗಿ ಎದ್ದ ಕೋಣೆಯನ್ನೇ 1888ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ ಬರೆದನು. ನೆರಳುಗಳನ್ನೆಲ್ಲ ಬೇಕೆಂದೇ ಕೈಬಿಟ್ಟನು. ಜಪಾನಿನ ಮುದ್ರಣಚಿತ್ರಗಳಂತೆ ಬಣ್ಣವನ್ನು ಮಟ್ಟಸವಾಗಿ ಬಳಿದನು. ಹಿಂದಿನ ಗೋಡೆ ಓರೆಯಾಗಿರುವುದನ್ನು ಕಂಡು ಅದನ್ನು ಅವನ ಕಲ್ಪನೆಯೆಂದು ತಿಳಿದವರುಂಟು. ನಿಜವಾಗಿ ಆ ಕೋಣೆಯೇ ಓರೆಯಾಗಿತ್ತು. ಎರಡು ಕುರ್ಚಿ, ಒಂದು ಮಂಚ, ಮೊಳೆಗೆ ತೂಗುಹಾಕಿದ ಬಟ್ಟೆ, ಯಾವುದನ್ನೂ ಅವನು ಅಳಿಸಲಿಲ್ಲ. 1889ರಲ್ಲಿ ಅದೇ ಕೋಣೆಯನ್ನು ಇನ್ನೆರಡು ಬಾರಿ ಬರೆದನು. ಆ ಮನೆ 1944ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಮೂರು ಚಿತ್ರಗಳು ಆಮ್‌ಸ್ಟರ್‌ಡ್ಯಾಮ್, ಚಿಕಾಗೊ, ಪ್ಯಾರಿಸ್ ನಗರಗಳಲ್ಲಿವೆ. ಅವುಗಳಲ್ಲಿ ಗೋಡೆ ಇಂದು ನೀಲಿಯಾಗಿ ಕಾಣುತ್ತದೆ. ತಮ್ಮ ಥಿಯೋನಿಗೆ ಬರೆದ ಕಾಗದದಲ್ಲಿ ಅವನು ಗೋಡೆ ತಿಳಿ ನೇರಳೆಯದೆಂದು ಹೇಳಿದ್ದನು; ಸಂಶೋಧಕರು ಬಣ್ಣದ ಕಣಗಳನ್ನು ಪರೀಕ್ಷಿಸಿದಾಗ ಅವನ ಮಾತು ನಿಜವೆಂದು ತಿಳಿಯಿತು. ಕೆಂಪು ಮಾಸಿಹೋಗಿ ನೀಲಿ ಉಳಿದಿತ್ತು, ಅಷ್ಟೆ.