ಗಾಡಿಗೆ ಬಂದ ಚಳಿಜ್ವರ

ಈ ಅಂಕಣದ ಹಳೆಯ ವಾಚಕರಿಗೆ ನಮ್ಮ ಮೋಟಾರಿನ ಪರಿಚಯ ಉಂಟು. ಒಂಬತ್ತು ವರ್ಷ ವಯಸ್ಸು, ಮೂರು ಸಿಲಿಂಡರಿನ ಸಣ್ಣ ಇಂಜಿನ್ನು, ಬಣ್ಣ ಒಂದು ಕಾಲಕ್ಕೆ ಬಿಳಿ. ಕಳೆದ ಮೇ ತಿಂಗಳಲ್ಲಿ ಅದಕ್ಕೊಂದು ಹೊಸ ಕಾಯಿಲೆ ಅಂಟಿಕೊಂಡಿತು. ಓಡುತ್ತಿರುವಾಗ ಏನೂ ಇಲ್ಲ. ಸಿಂಹಗಡ ರಸ್ತೆಯ ಸಿಗ್ನಲ್ಲಿನಲ್ಲಿ ಬಂದು ನಿಂತೆವೋ, ಏ.ಸಿ. ನಡೆಯುತ್ತಿತ್ತೋ, ಆಗ ಶುರು: ಸ್ಟಿಯರಿಂಗ್ ಹಿಡಿದ ಕೈ ಜುಮುಜುಮು ಎನ್ನುವುದು, ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಾಣುವುದು, ಮುಂದೆ ಕೂರಿಸಿದ ಪುಟ್ಟ ಗಣಪತಿ ಕೇಳದ ಪ್ರಶ್ನೆಗೆಲ್ಲ ತಲೆಯಾಡಿಸುವುದು. ಏ.ಸಿ. ಆರಿಸಿದರೆ ಎಲ್ಲವೂ ಶಾಂತ.

ಹಿಂದಿನ ಸೀಟಿನಲ್ಲಿದ್ದ ನಮ್ಮ ತಾಯಿಯವರು ಎರಡು ಸಿಗ್ನಲ್ ಸುಮ್ಮನಿದ್ದು ಮೂರನೆಯದಕ್ಕೆ ಕೇಳಿಯೇ ಬಿಟ್ಟರು: "ಅಲ್ಲೋ, ಥಂಡಿ ಹಚ್ಚಿದ ಕೂಡ್ಲೆ ನಿನ್ನ ಗಾಡಿಗೆ ಚಳಿಜ್ವರ ಬರ್ತದಲ್ಲ, ಇದನ್ನ ಯಾರಿಗೆ ತೋರಸ್ತೀ?"

ತೋರಿಸಿದೆವು. ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಇಸ್ತ್ರಿ ಮಾಡಿದ ಅಂಗಿಯ ತರುಣರೊಬ್ಬರು ಬಾನೆಟ್ಟನ್ನೆತ್ತಿ, ಏ.ಸಿ. ಹಾಕಿಸಿ, ಎರಡು ನಿಮಿಷ ಕಿವಿಗೊಟ್ಟು ತೀರ್ಪು ಕೊಟ್ಟರು: ಕಂಪ್ರೆಸರ್ ಹೋಗಿದೆ, ಹೊಸದಕ್ಕೆ 28,000 ರೂಪಾಯಿ. ಏ.ಸಿ. ಹಾಕಿದರೆ ನಡುಗುತ್ತದೆ, ತೆಗೆದರೆ ನಿಲ್ಲುತ್ತದೆ. ಆದಕಾರಣ ತಪ್ಪು ಏ.ಸಿ.ಯದೇ. ತರ್ಕ ನಮಗೂ ಸರಿಯೆಂದೇ ತೋರಿತು. ಹಣ ಮಾತ್ರ ಸರಿಹೊಂದಲಿಲ್ಲ. ಮಳೆಗಾಲ ಬಂದರೆ ಏ.ಸಿ. ಯಾರಿಗೆ ಬೇಕು, ಕಿಟಕಿ ತೆರೆದುಕೊಂಡರಾಯಿತು ಎಂದು ಮನೆಯಲ್ಲಿ ಠರಾವು ಪಾಸಾಯಿತು.

ಅದು ಎಂಥ ತಪ್ಪು ಠರಾವೆಂಬುದು ಶ್ರಾವಣದಲ್ಲಿ ತಿಳಿಯಿತು. ಧಾರವಾಡದಲ್ಲಿ ಸೋದರಮಾವನವರ ಸಹಸ್ರಚಂದ್ರದರ್ಶನ ಶಾಂತಿ. ಬೆಳಗಿನ ಜಾವ ಪುಣೆ ಬಿಟ್ಟೆವು. ಖಂಬಾಟಕಿ ಘಾಟು ಏರುವ ಹೊತ್ತಿಗೆ ಮಳೆ ಕೊಡದಲ್ಲಿ ಸುರಿದ ಹಾಗೆ. ಕಿಟಕಿ ತೆರೆದರೆ ತಾಯಿಯವರ ಮೈಮೇಲೆ ನೀರು. ಮುಚ್ಚಿದರೆ ನಾಲ್ಕು ಜನರ ಉಸಿರು, ಒದ್ದೆ ಛತ್ರಿ, ಒದ್ದೆ ಚಪ್ಪಲಿ. ಒಂದೇ ನಿಮಿಷಕ್ಕೆ ಎದುರಿನ ಗಾಜು ಒಳಗಡೆಯಿಂದ ಹಾಲಿನಂತಾಯಿತು. ಮನೆಯವರು ಪಂಚೆಯ ತುದಿಯಿಂದ ಒರೆಸುತ್ತಿದ್ದರು, ನಾವು ಒರೆಸಿದಷ್ಟು ಕಿಂಡಿಯಲ್ಲಿ ನೋಡುತ್ತಿದ್ದೆವು. ಆ ಕಿಂಡಿಯಲ್ಲಿ ಇದ್ದಕ್ಕಿದ್ದಂತೆ ಒಂದು ಲಾರಿಯ ಬೆನ್ನು ಕಂಡಿತು. ಲಾರಿ ನಿಂತಿತ್ತು. ಬ್ರೇಕು ಹಿಡಿಯಿತು, ದೇವರು ದೊಡ್ಡವನು. ಎರಡು ಗಾಡಿಗಳ ನಡುವೆ ಉಳಿದದ್ದು ಒಂದು ಮೊಳ. ಆಮೇಲೆ ಏ.ಸಿ. ಹಾಕಿದೆವು. ಗಾಡಿ ನಡುಗಿತು, ನಾವೂ ನಡುಗುತ್ತಲೇ ಇದ್ದೆವು, ಆದರೆ ಅರ್ಧ ನಿಮಿಷದಲ್ಲಿ ಗಾಜು ತಿಳಿಯಾಯಿತು.

ಏ.ಸಿ. ಗಾಳಿಯನ್ನು ತಣಿಸುವುದಷ್ಟೇ ಅಲ್ಲ, ಒಣಗಿಸುತ್ತದೆ. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದಿಲ್ಲವೆ? ಹಾಗೆಯೇ ಗಾಳಿಯ ತೇವವೆಲ್ಲ ಡ್ಯಾಶ್‌ಬೋರ್ಡಿನ ಹಿಂದಿರುವ ತಣ್ಣನೆಯ ಕೊಳವೆಗಳ ಮೇಲೆ ಇಳಿದು, ಗಾಡಿಯ ಅಡಿಯಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಸಹ್ಯಾದ್ರಿಯ ಮಳೆಯಲ್ಲಿ ಮಂದಿ-ಮಕ್ಕಳನ್ನು ಕೂರಿಸಿಕೊಂಡು ಘಾಟು ಹತ್ತುವವರಿಗೆ ಅದು ಷೋಕಿಯ ಸಾಮಾನಲ್ಲ, ವೈಪರಿನಷ್ಟೇ ಅಗತ್ಯ. ಊರಿನಿಂದ ಮರಳಿದ ವಾರವೇ ಈ ಕಾಯಿಲೆಯ ಬುಡ ಹುಡುಕಲು ಕೂತೆವು.

ಮೊದಲು ಯಂತ್ರದ ಸಂಗತಿ. ಏ.ಸಿ.ಯ ಕಂಪ್ರೆಸರಿಗೆ ಸ್ವಂತ ಶಕ್ತಿಯಿಲ್ಲ. ನಮ್ಮಂಥ ಪೆಟ್ರೋಲ್ ಗಾಡಿಗಳಲ್ಲಿ ಇಂಜಿನ್ನೇ ಒಂದು ಬೆಲ್ಟಿನ ಮೂಲಕ ಅದನ್ನು ತಿರುಗಿಸಬೇಕು. ಗುಂಡಿ ಒತ್ತಿದಾಗ 'ಟಕ್' ಎಂಬ ಸದ್ದು ಕೇಳುತ್ತದಲ್ಲ, ಅದು ವಿದ್ಯುದಯಸ್ಕಾಂತದ ಕ್ಲಚ್ಚು ಕಂಪ್ರೆಸರನ್ನು ಬೆಲ್ಟಿನ ಚಕ್ರಕ್ಕೆ ಕಚ್ಚಿಸುವ ಸದ್ದು. ಅಮೆರಿಕದ ಪ್ಯಾಕಾರ್ಡ್ ಕಂಪನಿಯವರು 1939ರಲ್ಲಿ ಮೊದಲಬಾರಿಗೆ ಕಾರ್ಖಾನೆಯಲ್ಲಿಯೇ ಏ.ಸಿ. ಕೂರಿಸಿದ ಮೋಟಾರು ತಂದಾಗ ಈ ಕ್ಲಚ್ಚು ಇರಲಿಲ್ಲವಂತೆ. ಥಂಡಿ ಸಾಕೆನಿಸಿದರೆ ಇಂಜಿನ್ ನಿಲ್ಲಿಸಿ, ಕೆಳಗಿಳಿದು, ಬಾನೆಟ್ ತೆರೆದು ಬೆಲ್ಟನ್ನೇ ಬಿಚ್ಚಬೇಕಾಗಿತ್ತು. ಅಷ್ಟು ದೊಡ್ಡ ಗಾಡಿ ಕೊಂಡವರು ಇಳಿದು ಬಿಚ್ಚುತ್ತಿದ್ದರೋ, ಸಾರಥಿಯನ್ನು ಇಳಿಸುತ್ತಿದ್ದರೋ!

ಇರಲಿ. ನಿಂತ ಗಾಡಿಯ ಇಂಜಿನ್ನು ನಿಮಿಷಕ್ಕೆ ಸುಮಾರು 800 ಸುತ್ತು ಸುತ್ತುತ್ತಿರುತ್ತದೆ. ಆ ಸುತ್ತಿನಲ್ಲಿ ಅದಕ್ಕಿರುವ ಕಸುವೇ ಕಡಿಮೆ. ಅದರ ಹೆಗಲಿಗೆ ಹಠಾತ್ತನೆ ಕಂಪ್ರೆಸರಿನ ಭಾರ ಬಿದ್ದರೆ ಒಂದು ಕ್ಷಣ ಕುಗ್ಗುವುದು ಸಹಜ. ಗಾಡಿಯೊಳಗಿನ ಕಂಪ್ಯೂಟರು ಅದನ್ನು ಬಲ್ಲುದು. ಭಾರ ಬೀಳುತ್ತಲೇ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು ಬಿಟ್ಟು ಸುತ್ತನ್ನು 850ಕ್ಕೋ 900ಕ್ಕೋ ಏರಿಸುತ್ತದೆ. ಗಾಳಿ ಹೋಗುವ ದಾರಿಯಲ್ಲಿ, ಎಂದರೆ ಥ್ರಾಟಲಿನ ಬಾಯಲ್ಲಿ, ಮಸಿ ಕಟ್ಟಿದ್ದರೆ ಸುತ್ತು ಏರುವುದಿಲ್ಲ, ಇಳಿಯುತ್ತದೆ. ಮೂರು ಸಿಲಿಂಡರಿನ ಇಂಜಿನ್ನು 800 ಸುತ್ತಿನಲ್ಲಿ ಸೆಕೆಂಡಿಗೆ 20 ಸಲ ಸಿಡಿಯುತ್ತದೆ; 650ಕ್ಕೆ ಇಳಿದರೆ 16 ಸಲ. ಬೇಗಬೇಗ ಬರುವ ಸಣ್ಣ ಪೆಟ್ಟನ್ನು ಇಂಜಿನ್ನಿನ ಕೆಳಗಿನ ರಬ್ಬರ್ ಮೌಂಟಿಂಗು ನುಂಗಿಕೊಳ್ಳುತ್ತದೆ. ನಿಧಾನವಾಗಿ ಬರುವ ದೊಡ್ಡ ಪೆಟ್ಟನ್ನು ನುಂಗಲಾರದೆ ನಮ್ಮ ಬೆನ್ನಿಗೆ ದಾಟಿಸುತ್ತದೆ. ನಾಲ್ಕು ಸಿಲಿಂಡರಿನ ಗಾಡಿ ಇಟ್ಟವರಿಗೆ ಅದೇ 800ರಲ್ಲಿ 27 ಸಿಡಿತ. ಅವರ ಗಣಪತಿ ಅಷ್ಟಾಗಿ ತಲೆಯಾಡಿಸುವುದಿಲ್ಲ.

ಹೀಗೆ ನೋಡಿದರೆ ಕಂಪ್ರೆಸರು ಮನೆಗೆ ಬಂದ ಅತಿಥಿಯಂತೆ. ಅತಿಥಿ ಬಂದ ದಿನವೇ ಮನೆಯ ಮಂಚದ ಕಾಲು ಸಡಿಲವಾದದ್ದು ಗೊತ್ತಾಗುತ್ತದೆ. ಹಾಗೆಂದು ಅತಿಥಿಯೇ ಕಾಲು ಮುರಿದನೆನ್ನಲಾದೀತೆ? ಯಾವ ಕಾಲು ಸಡಿಲವೆಂದು ಕಂಡುಕೊಳ್ಳಲು ನಾವು ಒಂದು ಭಾನುವಾರ ಸೊಸೈಟಿಯ ಅಂಗಳದಲ್ಲಿ ಮಾಡಿದ ಪರೀಕ್ಷೆ ಇಲ್ಲಿದೆ. ಖರ್ಚು ಸೊನ್ನೆ.

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏ.ಸಿ. ಗುಂಡಿ ಒತ್ತದೆ ಬರಿಯ ಗಾಳಿಯ ಪಂಖೆಯನ್ನು ಜೋರಾಗಿ ಬಿಟ್ಟೆವು. ಆಗಲೇ ನಡುಕ ಬಂದರೆ ದೋಷ ಪಂಖೆಯದು. (ಮರದಡಿಯಲ್ಲಿ ಗಾಡಿ ನಿಲ್ಲಿಸುವ ನಮ್ಮ ನೆರೆಯವರ ಪಂಖೆಯಲ್ಲಿ ಎಲೆಗಳೂ, ಇಲಿ ತಂದಿಟ್ಟ ಶೇಂಗಾ ಸಿಪ್ಪೆಯೂ ಸಿಕ್ಕಿದ್ದವು.) ನಮಗೆ ಬರಲಿಲ್ಲ. ಅನಂತರ ಏ.ಸಿ. ಹಾಕಿ ಸುತ್ತು ತೋರಿಸುವ ಮುಳ್ಳನ್ನು ನೋಡಿದೆವು: 800ರಿಂದ 650ಕ್ಕೆ ಜಾರಿ ಅಲ್ಲೇ ಕೂತಿತು. ಆಕ್ಸಿಲರೇಟರನ್ನು ತುಸು ಒತ್ತಿ 1200ಕ್ಕೆ ತಂದರೆ ನಡುಕ ಮಾಯ. ಕಂಪ್ರೆಸರಿನ ಒಳಗೇ ಕೆಟ್ಟಿದ್ದರೆ ಸುತ್ತು ಹೆಚ್ಚಿದಷ್ಟೂ ಅದರ ಗೋಳು ಹೆಚ್ಚಬೇಕಲ್ಲ! ಆಮೇಲಿನ ಯುಕ್ತಿ ನಮಗೆ ಬಹಳ ಹಿಡಿಸಿತು. ಏ.ಸಿ. ಆರಿಸಿ, ಹೆಡ್‌ಲೈಟು, ಹಿಂದಿನ ಗಾಜು ಕಾಯಿಸುವ ತಂತಿ, ಪಂಖೆ ಎಲ್ಲವನ್ನೂ ಒಟ್ಟಿಗೆ ಹಾಕಿದೆವು. ಇವಕ್ಕೆ ಕರೆಂಟು ಕೊಡುವ ಆಲ್ಟರ್ನೇಟರೂ ಇಂಜಿನ್ನಿಗೆ ಭಾರವೇ. ಗಾಡಿ ಮತ್ತೆ ನಡುಗಿತು, ತುಸು ಮೆಲ್ಲಗೆ. ಅಲ್ಲಿಗೆ ಕಂಪ್ರೆಸರಿನ ಮೇಲಿದ್ದ ಆರೋಪ ಮುಕ್ಕಾಲು ಪಾಲು ಬಿದ್ದುಹೋಯಿತು.

ವೇತಾಳ ಟೇಕಡಿಯ ಮೇಲೆ ಬೆಳಗಿನ ತಿರುಗಾಟಕ್ಕೆ ಹೋಗುವವರು ಎ.ಆರ್.ಎ.ಐ. ಸಂಸ್ಥೆಯ ಕಟ್ಟಡಗಳನ್ನು ಕಂಡಿದ್ದಾರೆ. 1966ರಲ್ಲಿ ಸ್ಥಾಪನೆಯಾದ ಈ ಮೋಟಾರು ಸಂಶೋಧನ ಸಂಸ್ಥೆಯಲ್ಲಿ ಗಾಡಿಗಳ ಸದ್ದು-ಕಂಪನಗಳನ್ನು ಅಳೆಯುವ ಪ್ರಯೋಗಶಾಲೆಯೇ ಉಂಟು. ನಮ್ಮ ಪ್ರಯೋಗಶಾಲೆಯ ಉಪಕರಣ ಸ್ಟೀಲಿನ ಲೋಟದಲ್ಲಿ ನೀರು, ಅದನ್ನು ಹಿಡಿದು ಅಲೆ ನೋಡುತ್ತ ಕೂತ ತಾಯಿಯವರು.

ಮುಂದಿನದು ನಮ್ಮ ಕೈಯಲ್ಲಾಗುವ ಕೆಲಸವಲ್ಲ. ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಸಾಲಿನ ಹಿಂದೆ, ನಿಪ್ಪಾಣಿ ಕಡೆಯ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ನಾವು ಬರೆದುಕೊಂಡು ಹೋದ ಚೀಟಿಯನ್ನು ಓದಿ ಮೀಸೆಯಲ್ಲೇ ನಕ್ಕರು. ಬಾನೆಟ್ ತೆರೆದು, ಗಾಡಿಯ ಮುಂದೆ-ಹಿಂದೆ ಯಾರೂ ನಿಲ್ಲದಂತೆ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಸಿ, ಕಾಲಿನ ಬ್ರೇಕೂ ಒತ್ತಿಸಿ, ಮೊದಲ ಗೇರಿನಲ್ಲೂ ರಿವರ್ಸಿನಲ್ಲೂ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡಿಸಿದರು. ಬದಿಯಲ್ಲಿ ನಿಂತು ನೋಡಿದರೆ ಇಂಜಿನ್ನು ಕಟ್ಟಿದ ಹೋರಿಯಂತೆ ಎದ್ದೆದ್ದು ಬೀಳುತ್ತಿತ್ತು.

"ಸಾಹೇಬ್ರ, ಕಂಪ್ರೆಸರ್ ಗಟ್ಟಿ ಐತ್ರಿ. ಫೌಂಡೇಶನ್ ಹರದೈತಿ. ಥ್ರಾಟಲ್ ಬಾಯಾಗ ಮಸಿ ನೋಡ್ರಿ, ಒಲಿ ಮ್ಯಾಲಿನ ಗಡಿಗಿ ಆಗೇತಿ."

ಫೌಂಡೇಶನ್ ಎಂದರೆ ಮೌಂಟಿಂಗೇ. ಗ್ಯಾರೇಜಿನವರು ಕರೆಯುವುದು ಹಾಗೆ. ಬಲಗಡೆಯ ರಬ್ಬರು ಸೀಳಿ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಹೊಸ ಮೌಂಟಿಂಗು, ಥ್ರಾಟಲಿನ ಶುದ್ಧಿ, ಕೂಲಿ ಸೇರಿ 3,700 ರೂಪಾಯಿ. ತೆಗೆದ ಹಳೆಯ ಮೌಂಟಿಂಗನ್ನು ಕೇಳುವ ಮೊದಲೇ ನಮ್ಮ ಕೈಗಿಟ್ಟರು. ಆ ಅಭ್ಯಾಸವುಳ್ಳ ಮಿಸ್ತ್ರಿಯನ್ನು ಬಿಡಬೇಡಿರೆಂದು ನಾವು ಹಿಂದೆಯೂ ಬರೆದಿದ್ದೇವೆ.

ಎಲ್ಲ ಗಾಡಿಗೂ ಇದೇ ಕಾಯಿಲೆಯೆಂದು ನಾವು ಹೇಳುತ್ತಿಲ್ಲ. ಒಂದು ಸ್ಪಾರ್ಕ್ ಪ್ಲಗ್ಗು ಸೋತಿದ್ದರೂ ಹೀಗೆಯೇ ನಡುಗುತ್ತದೆ. ರೇಡಿಯೇಟರಿನ ಪಂಖೆಯ ರೆಕ್ಕೆ ಮುರಿದಿದ್ದರೆ ನಡುಕ 'ಟಕ್' ಸದ್ದಿನ ಜೊತೆಗಲ್ಲ, ಪಂಖೆಯ ಜೊತೆಗೆ ಬಂದು ಹೋಗುತ್ತದೆ. ಬೇಸಗೆಯ ಮೊದಲು ಯಾರೋ ತೂಕ ಮಾಡದೆ ಹೆಚ್ಚು ಗ್ಯಾಸ್ ತುಂಬಿದ್ದರೆ ಕಂಪ್ರೆಸರಿಗೆ ಉಬ್ಬಸ ಹತ್ತುತ್ತದೆ. ಎಷ್ಟು ಗ್ರಾಂ ತುಂಬಬೇಕೆಂಬುದನ್ನು ಸಾಮಾನ್ಯವಾಗಿ ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿಯೇ ಅಚ್ಚು ಹಾಕಿರುತ್ತಾರೆ. ಇನ್ನು ಬೆಲ್ಟು ಕಿರುಚಿ ಸುಟ್ಟ ವಾಸನೆ ಬಂದರೆ, ಕಂಪ್ರೆಸರಿನೊಳಗೆ ಕಬ್ಬಿಣ ಅರೆದ ಸದ್ದಾದರೆ, ಆಗ 28,000ದ ಮಾತಿಗೆ ಕಿವಿಗೊಡಲೇಬೇಕು. ಇಂಜಿನ್ ನಡೆಯುವಾಗ ಬೆಲ್ಟಿನ ಹತ್ತಿರ ಕೈಯನ್ನಾಗಲಿ ಸೆರಗನ್ನಾಗಲಿ ಒಯ್ಯಬೇಡಿ. ರೇಡಿಯೇಟರಿನ ಪಂಖೆಯಂತೂ ಇಂಜಿನ್ ನಿಲ್ಲಿಸಿದ ಮೇಲೂ ತಾನಾಗಿ ತಿರುಗುವುದುಂಟು.

ಹೋದ ತಿಂಗಳು ಮತ್ತೆ ಅದೇ ದಾರಿಯಲ್ಲಿ ಧಾರವಾಡಕ್ಕೆ ಹೋಗಿ ಬಂದೆವು, ಏ.ಸಿ. ಹಾಕಿಕೊಂಡೇ. ಕ್ಲಚ್ಚು ಕಚ್ಚುವಾಗ ಸಣ್ಣದೊಂದು ತಡವರಿಕೆ ಈಗಲೂ ಇದೆ. ಅದು ಮೂರು ಸಿಲಿಂಡರಿನ ಹುಟ್ಟುಗುಣ, ಮದ್ದಿಲ್ಲ ಎಂದರು ಮಿಸ್ತ್ರಿ. ಬೆಲ್ಟಿನ ಬಿಗಿ ಕಾಯುವ ಚಕ್ರದ ಬೇರಿಂಗು ಮಾತ್ರ ಗುಂಯ್‌ಗುಡತೊಡಗಿದೆ. ದೀಪಾವಳಿ ಮುಗಿಸಿ ಬರ್ರಿ ಎಂದಿದ್ದಾರೆ.